ಸವಿತಕ್ಕ ದೊಡ್ಡವಳಾದ ವರ್ಷ

ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಿದ್ದರೆ ಈಗಲೂ ಸಾತನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಬೇಸಿಗೆ ರಜಕ್ಕೆ ನಾನು ಅಜ್ಜಿ ಮನೆಗೆ ಹೋಗುತ್ತಿದ್ದೆ. ಅಲ್ಲಿ ದೊಡ್ಡಪ್ಪನ ಮಗಳು ಸವಿತಕ್ಕ ಇದ್ದಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಒಂಬತ್ತು ತುಂಬಿದರೂ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹಿಂದಿನ ವರ್ಷ ಯಾರೂ ಏಳುವ ಮೊದಲೇ ದುಪ್ಪಟಿ ಒಗೆದು ಹಾಕಿ, "ಚೊಂಬು ಎಡವಿ ನಾನೇ ನೀರ್ ಚೆಲ್ಬುಟ್ಟೆ" ಎಂದು ಅಜ್ಜಿಯಿಂದ ಬೈಸಿಕೊಂಡಿದ್ದಳು.

ಆ ವರ್ಷ ಹೋದಾಗ ಅವಳು ಲಂಗ ಬಿಟ್ಟು ಚೂಡಿದಾರ್ ಹಾಕುತ್ತಿದ್ದಳು. ಕುಂಟೆಬಿಲ್ಲೆಗೆ ಕರೆದರೆ ಬರಲಿಲ್ಲ. ರೇಷ್ಮೆಹುಳುವಿನ ಮನೆಯ ಮುಂದೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಸೊಪ್ಪು ಹೆಚ್ಚುತ್ತ ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾವಿಬ್ಬರೂ ಹತ್ತಿರ ಹೋದೆವು.

"ದೊಡ್ಡೋರ್ ಮಾತು ಕಣ್ರಮ್ಮಿ, ಆಡ್ಕೊಳ್ಳೋಗಿ" ಎಂದು ಚಿಕ್ಕಮ್ಮ ಅಟ್ಟಿದಳು.

ಸವಿತಕ್ಕ ಕದಲಲಿಲ್ಲ. "ನಾನೇನ್ ಸಣ್ಣೋಳಾ? ಇವ್ಳ್ ನೋಡಿ, ಇನ್ನೂ ಆಸ್ಗೇಲಿ ಉಚ್ಚೆ ಉಯ್ಕೊತಾಳೆ" ಎಂದಳು.

ಎಲ್ಲರೂ ನಕ್ಕರು. ಅಜ್ಜಿಯಂತೂ ಕಣ್ಣೊರೆಸಿಕೊಂಡು ನಕ್ಕಳು. ಚಿಕ್ಕಮ್ಮ ತುಸು ಸರಿದು, "ಬಾ, ಕುಂತ್ಕೊ" ಎಂದು ಅವಳಿಗೆ ಜಾಗ ಬಿಟ್ಟಳು. ಅವಳು ಕುಳಿತು, ನನ್ನತ್ತ ನೋಡದೆ ಸೊಪ್ಪಿನ ಕಟ್ಟು ಬಿಚ್ಚತೊಡಗಿದಳು. ಅವಳ ಕಿವಿಗಳು ಕೆಂಪಾಗಿದ್ದವು.

ಊರಿಗೆ ಹೋಗುತ್ತೇನೆಂದು ನಾನು ಹಟ ಹಿಡಿದೆ. ಮರುದಿನ ಅಪ್ಪ ಬಂದರು. ಬಸ್ಸಿನವರೆಗೂ ಸವಿತಕ್ಕನೇ ನನ್ನ ಬ್ಯಾಗ್ ಹೊತ್ತು ಬಂದಳು. "ದಸರಾ ರಜಕ್ಕೆ ಬತ್ತೀಯಲ್ವಾ?" ಎಂದು ಎರಡು ಸಲ ಕೇಳಿದಳು. ಅವಳು ನಿಂತಿದ್ದ ಕಡೆ ಕಿಟಕಿ ಸೀಟು ಖಾಲಿಯಿತ್ತು. ನಾನು ಆಚೆ ಬದಿಗೆ ಹೋಗಿ ಕುಳಿತೆ.