ಷಡಕ್ಷರಿಯ ದನಿ

"ಒಳಗಿರೋದು ಒಂದೂ ಅಳಿಸ್ಬಾರ್ದು ಕಣಪ್ಪ. ಒತ್ತು ಮುಳುಗೋ ಒತ್ಗೆ ನನ್ ಮಗನ ದನಿ ಬರ್ಬೇಕು. ಬರ್ನಿಲ್ಲ ಅಂದ್ರೆ ಅವನು ಬತ್ತಾನೆ."

ಚನ್ನಮಲ್ಲಮ್ಮ ಬೆಳಗಿನಿಂದ ಹೇಳುತ್ತಿದ್ದುದು ಇದನ್ನೇ. ಮುರುಗೇಶ ತಲೆಯಾಡಿಸುತ್ತ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಅವನು ಸತ್ಯಮಂಗಲದವನು. ತಾಳವಾಡಿ ಬಸ್ ನಿಲ್ದಾಣದ ಎದುರು ರಿಪೇರಿ ಅಂಗಡಿ ತೆರೆದು ಇನ್ನೂ ತಿಂಗಳು ತುಂಬಿರಲಿಲ್ಲ. ಪೆಟ್ಟಿಗೆಯನ್ನು ಅಂಗಡಿಗೇ ತನ್ನಿ ಅಂದಿದ್ದ. ಮುದುಕಿಯ ಸೊಸೆ ಮಂಗಳಗೌರಿ ಒಪ್ಪಲಿಲ್ಲ. ಸಂಜೆಗೆ ಅದು ಮನೆಯಲ್ಲಿರಲೇಬೇಕು ಅಂತ, ಹೊಸ ಮದರ್‌ಬೋರ್ಡಿನ ಸಮೇತ ಅವನನ್ನೇ ಊರಾಚೆಯ ಈ ಹೆಂಚಿನ ಮನೆಗೆ ಕರೆತಂದಿದ್ದಳು.

ಮಂಗಳಗೌರಿಯ ಗಂಡ ಷಡಕ್ಷರಿ ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದವನು. ಯಾರ ಹತ್ತಿರವೂ ಕಲಿಯದೆ ಕಂಪ್ಯೂಟರ್ ಪಳಗಿಸಿಕೊಂಡಿದ್ದ. ತನ್ನ ದನಿಯನ್ನು ಅದರಲ್ಲಿ ತುಂಬಿ, ದಿನಾ ಮುಸ್ಸಂಜೆಗೆ ಅದು ತಾನಾಗಿಯೇ ಸೂರಿನ ಸ್ಪೀಕರಿನಲ್ಲಿ ಕೂಗುವಂತೆ ಮಾಡಿಟ್ಟಿದ್ದ. ಹೋದ ಸುಗ್ಗಿಯಲ್ಲಿ ಎದೆನೋವು ಬಂದು ತೀರಿಕೊಂಡ. ದನಿ ಮಾತ್ರ ಕೂಗುತ್ತಲೇ ಇತ್ತು. ನಿನ್ನೆ ಬೋರ್ಡು ಕೆಡತೊಡಗಿ, ದನಿ ಅರ್ಧ ಮಾತಿಗೇ ನಿಂತಿತು. ಹಿತ್ತಿಲ ಬಾಗಿಲು ಮುರಿದದ್ದು ಅದಾದ ಮೇಲೆ. ಅದರ ಹಲಗೆ ಎರಡು ಹೋಳಾಗಿ ಇನ್ನೂ ಅಲ್ಲೇ ಬಿದ್ದಿತ್ತು.

ಮುರುಗೇಶ ಆ ದನಿಯನ್ನೊಮ್ಮೆ ಸಣ್ಣಗೆ ಕೇಳಿ ನೋಡಿದ. ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. "ಬಂದ ದಾರಿಗೆ ಓಗಪ್ಪಾ. ಇಲ್ಲಿ ನಿಂದು ಏನೂ ಇಲ್ಲ. ಓಗಪ್ಪಾ." ಅಷ್ಟೇ. ಮಂಗಳಗೌರಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಕೆಲಸ ಸೂಕ್ಷ್ಮದ್ದು. ವಿಂಡೋಸನ್ನು ಹೊಸದಾಗಿ ಹಾಕಿದರೆ ಷಡಕ್ಷರಿ ಕಟ್ಟಿದ್ದೆಲ್ಲ ಹೋಗುತ್ತದೆ. ಹಾಗೇ ಡಿಸ್ಕನ್ನು ಹೊಸ ಬೋರ್ಡಿಗೆ ಚುಚ್ಚಿದರೆ ಅದು ದಾರಿ ಕಾಣದೆ ನೀಲಿ ಪರದೆ ತೋರಿಸಿ ಕೂತುಬಿಡುತ್ತದೆ. ಹಳೇ ಬೋರ್ಡು ಐದೈದು ನಿಮಿಷ ಓಡಿ ಆರುತ್ತಿತ್ತು. ಅಷ್ಟು ಜೀವ ಇರುವಾಗಲೇ ವಿಂಡೋಸಿಗೆ ಅದರ ಗುರುತು ಮರೆಸಿ, ಎಲ್ಲ ಬೋರ್ಡಿಗೂ ಹೊಂದುವ ಸಾಧಾರಣ ಡ್ರೈವರ್ ಒಪ್ಪಿಸಬೇಕು. ಆಮೇಲೆ ಬದಲಾಯಿಸಬೇಕು. ಮುರುಗೇಶ ಅದನ್ನು ಮಾಡುತ್ತಲೇ ಮುದುಕಿಯನ್ನು ಮಾತಿಗೆಳೆದ. ಬರುತ್ತಾನೆ ಅಂದಿರಲ್ಲ, ಅವನು ಯಾರು, ಹೆಸರೇನು ಅಂತ ಕೇಳಿದ.

ಚನ್ನಮಲ್ಲಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. "ಎಸ್ರು ಎತ್ಬಾರ್ದು. ಎತ್ತುದ್ರೆ ಕರ್ದಂಗೆ."

ಗಂಡನ ಕಡೆಯವರ ಹೆಸರನ್ನು ಹೆಂಗಸರು ಎತ್ತುವುದಿಲ್ಲ ಎಂಬುದು ಮುರುಗೇಶನಿಗೂ ಗೊತ್ತಿತ್ತು. ಹಾಗಾದರೆ ಪಾಲು ಕೇಳುವ ದಾಯಾದಿ. ಮುದುಕಿ ಮುಂದೆ ಹೇಳಿದ್ದೂ ಅದಕ್ಕೆ ಕೂಡಿ ಬಂತು. ಇವರ ಹೊಲದೊಳಗೇ ತನ್ನ ದಾರಿ ಎನ್ನುವುದು ಅವನ ಹಟವಂತೆ, ಮಾವನ ಕಾಲದಿಂದ. ಮೊದಲು ಇಷ್ಟು ಕೆಟ್ಟವನಾಗಿರಲಿಲ್ಲವಂತೆ. ಅವನ ಕಡೆಯವರೇ ಅವನನ್ನು ಹೊರಗಟ್ಟಿದ ಮೇಲೆ ಹೀಗಾದನಂತೆ.

"ಕುಡಿತಾನಾ?"

"ಸಾರಾಯಿ ವಾಸ್ನೆ ಸಿಕ್ಬುಟ್ರೆ ಮುಗೀತು. ಸಾರಾಯಿ ಕಾಯ್ಸೋ ಶಿವಮಲ್ಲಮ್ಮನ ಗೋಡೆ ಕೆಡವಿದ್ದು ಅದ್ಕೇಯ."

ಕಂಪ್ಲೇಂಟ್ ಕೊಡಲಿಲ್ಲವೇ ಅಂದ. ಕೊಟ್ಟಿದ್ದರಂತೆ. ಜೀಪಿನಲ್ಲಿ ಬಂದವರು ಅವನನ್ನು ಗುಡ್ಡದಾಚೆಗೆ ದಾಟಿಸಿ ಹೋದರಂತೆ. ವಾರ ಕಳೆಯುವುದರೊಳಗೆ ತಿರುಗಿ ಬಂದನಂತೆ. ಷಡಕ್ಷರಿಯ ದನಿಗೊಂದೇ ಅವನು ಬಗ್ಗುವುದು. ಆ ದನಿ ಕೇಳಿದರೆ ಗಳಿಗೆ ನಿಂತು, ಹಿಂತಿರುಗಿ ಹೋಗುತ್ತಾನೆ.

ಮುರುಗೇಶನ ಕೈ ನಿಂತಿತು. ಊರಿಗೆಲ್ಲ ಗೊತ್ತಿರುವ ಸಾವು ಅವನೊಬ್ಬನಿಗೆ ಗೊತ್ತಿಲ್ಲವೇ ಅಂದ.

"ಅವನ್ಗೆ ಯಾರಪ್ಪ ಏಳ್ತಾರೆ?" ಅಂದಳು ಮುದುಕಿ.

ಮುರುಗೇಶನಿಗೆ ತನ್ನ ಅಕ್ಕ ನೆನಪಾದಳು. ಭಾವ ಕುಡಿದು ಬರುವ ಹೊತ್ತಿಗೆ ಅವಳೂ ಹೀಗೇ ಕದ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಆಗ ಅವನು ಏನೂ ಮಾಡಲಾಗದ ವಯಸ್ಸಿನವನು.

ಹೊಸ ಬೋರ್ಡು ಕೂತಿತು. ಪರದೆ ಕಪ್ಪಾಗಿ, ಮತ್ತೆ ಕಪ್ಪಾಗಿ, ಕೊನೆಗೆ ಷಡಕ್ಷರಿ ಹಾಕಿಟ್ಟಿದ್ದ ನಂದಿಯ ಚಿತ್ರ ಮೂಡಿತು. ಸೌಂಡಿನ ಡ್ರೈವರನ್ನೂ ಸೀಡಿಯಿಂದ ಹಾಕಿದ. ಒಂದು ಕಡತವೂ ಕದಲಿರಲಿಲ್ಲ. ಮಂಗಳಗೌರಿ ಮೊದಲ ಸಲ ನಕ್ಕಳು. ಕಾಫಿ ಕೊಟ್ಟು, ಬೆಳಕಿರುವಾಗಲೇ ಹೊರಡಿ ಅಣ್ಣ ಅಂದಳು. ದನಿ ಕೇಳಿಯೇ ಹೋಗುತ್ತೇನೆ ಅಂತ ಮುರುಗೇಶ ಕೂತ.

ಹೊತ್ತು ಗುಡ್ಡದ ಹಿಂದೆ ಇಳಿಯಿತು. ಮಂಗಳಗೌರಿ ಕಿಟಕಿಗಳನ್ನು ಮುಚ್ಚಿದಳು. ನಾಯಿ ಬೊಗಳಲಿಲ್ಲ, ಒಳಗೆ ಬಂದು ಮಂಚದ ಕೆಳಗೆ ನುಸುಳಿತು. ಸ್ಪೀಕರ್ ಸುಮ್ಮನಿತ್ತು.

ಮುರುಗೇಶ ಪರದೆಯ ಮೂಲೆಯ ಗಡಿಯಾರಕ್ಕೆ ಕಣ್ಣು ಹಾಯಿಸಿದ. ಡಿಸ್ಕಿನಲ್ಲಿದ್ದುದನ್ನೆಲ್ಲ ಕೂದಲು ಕೊಂಕದಂತೆ ದಾಟಿಸಿದ್ದ. ಗಡಿಯಾರ ಇರುವುದು ಡಿಸ್ಕಿನಲ್ಲಲ್ಲ, ಬೋರ್ಡಿನಲ್ಲಿ. ಹೊಸ ಬೋರ್ಡಿನ ಲೆಕ್ಕದಲ್ಲಿ ಈಗಿನ್ನೂ ಬೆಳಗಿನ ಜಾವ, ದನಿ ಕೂಗುವ ಹೊತ್ತೇ ಆಗಿಲ್ಲ. ಸರಿಪಡಿಸಲು ಮೌಸಿಗೆ ಕೈ ಹಾಕಿದ. ಹೊಲದ ಕಡೆ ಏನೋ ಲಟಕ್ಕೆಂದಿತು. ದೀಪವೂ ಪರದೆಯೂ ಒಟ್ಟಿಗೇ ಆರಿದವು.

"ವೈರು ಕಿತ್ತಾಕ್ದ," ಅಂದಳು ಚನ್ನಮಲ್ಲಮ್ಮ, ಉಸಿರಿನಲ್ಲೇ.

ಅಂಗಳದಲ್ಲಿ ಯಾರೋ ನಿಂತಿದ್ದರು. ಹೆಜ್ಜೆಯ ಸದ್ದೇ ಆಗಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಮುರುಗೇಶ ಸ್ಕ್ರೂಡ್ರೈವರನ್ನು ಬಿಗಿಯಾಗಿ ಹಿಡಿದು ಎದ್ದ.

"ನಾನು ಮಾತಾಡ್ತೀನಿ. ಎಷ್ಟು ದಿನ ಅಂತ ಹೀಗೆ ಹೆದರ್ತೀರಾ?"

ಮಂಗಳಗೌರಿ ಅವನ ತೋಳು ಹಿಡಿದಳು. "ಓಗ್ಬೇಡಿ ಅಣ್ಣ. ಅವನು ನಿಮ್ ಮಾತು ಕೇಳಲ್ಲ."

ಅವನು ತೋಳು ಬಿಡಿಸಿಕೊಂಡು, ಚಿಲಕ ಸರಿಸಿ, ಹೊಸಿಲು ದಾಟಿದ. ಆಳೆತ್ತರಕ್ಕೇ ಕಣ್ಣಿಟ್ಟು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರೂ ಇರಲಿಲ್ಲ.

ಹೆಂಚಿನೆತ್ತರದ ಕತ್ತಲಿನಿಂದ ಒಂದು ಸೊಂಡಿಲು ಮೆಲ್ಲಗೆ ಇಳಿದು ಬಂದು, ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೂಸಿತು.