ಕೆಂಪಿನಡಿ ನೀಲಿ, ನೀಲಿಯಡಿ ಹಸಿರು

ತಗಡಿನ ಕಾರಾಗಿದ್ದರೆ ಬಣ್ಣ ಕೀಳುವ ಔಷಧಿ ಬಳಿದು ಅರ್ಧ ದಿನದಲ್ಲಿ ಮುಗಿಸಿಬಿಡುತ್ತಿದ್ದ ರುದ್ರಾಚಾರಿ. ಇದು ಫೈಬರ್ ಮೈಯ ಹಳೇ ಕಾರು. ಔಷಧಿ ತಾಗಿದರೆ ಮೈಯೇ ಕರಗುತ್ತದೆ. ಹಾಗಾಗಿ ನಾಲ್ಕು ದಿನದಿಂದ ಎಮರಿ ಕಾಗದ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದ. ಕೆಂಪಿನಡಿ ನೀಲಿ ಬಂತು, ನೀಲಿಯಡಿ ಹಸಿರು. ಹಸಿರಿನಲ್ಲಿ ಸತ್ತ ಸೊಳ್ಳೆ, ಬ್ರಷ್ಷಿನ ಕೂದಲು, ಒರೆಸದೆ ಬಿಟ್ಟ ಹಕ್ಕಿಯ ಹಿಕ್ಕೆ.

"ಥೂ! ಇದನ್ನ ಬಳಿದೋನು ಪೇಂಟರಾ ಸಾರ್? ಮುಟ್ಟೋಕೇ ಹೇಸಿಗೆ ಆಗ್ತದೆ. ಮೂವತ್ತು ವರ್ಷದಿಂದ ನೂರಾರು ಕಾರು ಬಳಿದಿದೀನಿ, ಇಂಥ ಹೊಲಸು ಕಂಡಿಲ್ಲ."

"ನಮ್ಮಪ್ಪ ಯಾರ ಕೈಲೋ ಮಾಡಿಸಿದ್ದು ಮೇಸ್ತ್ರಿ, ನಾನಿನ್ನೂ ಸ್ಕೂಲಲ್ಲಿದ್ದೆ," ಎಂದರು ಕಾರಿನ ಯಜಮಾನರು.

ಮಡ್‌ಗಾರ್ಡಿನ ಬಳಿ ಹಸಿರನ್ನು ಉಜ್ಜುತ್ತಿದ್ದಂತೆ ಬಣ್ಣದಡಿ ಮೆತ್ತಿದ್ದ ಪುಟ್ಟಿಯ ದೊಡ್ಡ ಹಕ್ಕಳೆಯೊಂದು ಕಳಚಿ ಬಿತ್ತು. ಕೆಳಗೆ ತೂತು. ಅದಕ್ಕೆ ಫೈಬರ್ ಹಾಕಿ ಮುಚ್ಚುವ ಬದಲು ಯಾರೋ ಕಾಗದ ಮಡಿಸಿ ತುರುಕಿದ್ದರು. ಬೆರಳು ಹಾಕಿ ಎಳೆದರೆ ಏಳೆಂಟು ಲಗ್ನಪತ್ರಿಕೆಗಳು, ಎಲ್ಲವೂ ಒಂದೇ ಮದುವೆಯವು, ಮೂಲೆಗಳಿಗೆ ಅರಿಶಿನ ಹಚ್ಚಿದವು.

"ನೋಡಿ ಸಾರ್, ಕಸುಬುಗೇಡಿ! ಹಂಚಿ ಉಳಿದ ತನ್ನ ಮದುವೆ ಕಾರ್ಡನ್ನೇ ತುರುಕವ್ನೆ. ಇಂಥೋನಿಗೆ ಹೆಣ್ಣು ಕೊಟ್ಟೋರು ಯಾರೋ!"

ಯಜಮಾನರು ನಕ್ಕರು. "ಹೆಸರು ಓದಿ ಮೇಸ್ತ್ರಿ, ಯಾರಂತ ನೋಡೇಬಿಡೋಣ."

ಪತ್ರಿಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದ. ಕೆಂಪು ಅಕ್ಷರ ಒಂಚೂರೂ ಮಾಸಿರಲಿಲ್ಲ.

"ಎಲ್ಲಾ ಅಳಿಸೋಗಿದೆ ಸಾರ್," ಎಂದು ಅದನ್ನು ಮಡಿಸಿ ಜೇಬಿಗಿಳಿಸಿದ, ಚಿ|| ರಾ|| ರುದ್ರಾಚಾರಿ.