ಮಡಿ ಮಣ್ಣು

ಮುಚ್ಚಿಹೋಗಿದ್ದ ಗೊಬ್ಬರದ ಕಾರ್ಖಾನೆಯನ್ನು ರಾಯರು ಯಾರನ್ನೂ ಒಂದು ಮಾತು ಕೇಳದೆ ಕೊಂಡರು. ಅಲ್ಲಿಯ ಮಣ್ಣಿನಿಂದಲೇ ಇಟ್ಟಿಗೆ ಮಾಡಿಸಿ, ಅಲ್ಲಿಯ ತೊಲೆಗಳನ್ನೇ ಬಳಸಿ ಪರಿಸರಸ್ನೇಹಿ ಮನೆ ಕಟ್ಟಿಸಿದರು. ಬುತ್ತಿಯಲ್ಲಿ ಮೀನು ತಂದಿದ್ದ ಗಾರೆ ಕೆಲಸದವನನ್ನು ಮೊದಲ ದಿನವೇ ಗೇಟಿನಾಚೆ ಅಟ್ಟಿದ್ದರು.

ಗೃಹಪ್ರವೇಶದ ಊಟಕ್ಕೆ ಹಿತ್ತಲಲ್ಲೇ ಬೆಳೆದ ಬದನೆಕಾಯಿಯ ಪಲ್ಯ. ಅದೇ ಊರಿಗೆ ಮದುವೆಯಾಗಿ ಬಂದಿದ್ದ ಸೋದರತ್ತೆಗೆ ರಾಯರು ತಾವೇ ಬಡಿಸಿದರು.

"ಈ ಕಾಂಪೌಂಡಿನೊಳಗೆ ಮೊಟ್ಟೆ ಸಿಪ್ಪೇನೂ ಬಿಟ್ಟಿಲ್ಲ ಅತ್ತೆ. ನೆಲಕ್ಕೂ ಮಡಿ ಅನ್ನೋದು ಗೊತ್ತಾಗತ್ತೆ. ಬದನೆಕಾಯಿ ಹೇಗೆ ಬೆಳೆದಿದೆ ನೋಡಿ!"

ಅತ್ತೆ ಇನ್ನೊಂದು ಸೌಟು ಹಾಕಿಸಿಕೊಂಡರು.

"ಬೆಳೀದೆ ಇರುತ್ತೇನೋ? ಸುತ್ತಲ ಊರುಗಳ ಸತ್ತ ದನಗಳ ಮೂಳೆನೆಲ್ಲ ತಂದು ಅರೀತಿದ್ದದ್ದು ಇಲ್ಲೇ ಅಲ್ವೇ!"